ಕಾಫಿ ಗಿರಣಿ ಕದ್ದವನ ಹಿಂದೆ

ಸ್ಟುಟ್‌ಗಾರ್ಟಿನ ಮಗಳ ಮನೆಗೆ ಹೋದ ಮೂರನೆಯ ದಿನ ಬೆಳಿಗ್ಗೆ ಬಾಗಿಲ ಹಿಡಿಕೆಗೆ ಯಾರೋ ಒಂದು ಪುಟ್ಟ ಫಲಕ ತೂಗುಹಾಕಿ ಹೋಗಿದ್ದರು. ಅದರ ಮೇಲೆ ಇದ್ದದ್ದು ಒಂದೇ ಪದ. ನಿವೃತ್ತನಾದ ಮೇಲೆ ಬೆಂಗಳೂರಿನಲ್ಲಿ ಆರು ತಿಂಗಳು ಜರ್ಮನ್ ಕಲಿತು, ಎ1 ಎಂಬ ಮೊದಲ ಮೆಟ್ಟಿಲಿನ ಪರೀಕ್ಷೆಯಲ್ಲಿ ನೂರಕ್ಕೆ 81 ಅಂಕ ತೆಗೆದವನು ನಾನು. ಒಂದು ಪದ ಯಾವ ಲೆಕ್ಕ? ‘ಕೇರ್‌ವೊಖೆ’ ಎಂದು ಮೆಟ್ಟಿಲ ಸಾಲೆಲ್ಲ ಮೊಳಗುವಂತೆ ಓದಿದೆ. ‘ವೊಖೆ’ ಎಂದರೆ ವಾರ, ಅದು ಪಾಠದಲ್ಲಿ ಬಂದಿತ್ತು. ‘ಕೇರ್’ ಬಂದಿರಲಿಲ್ಲ. ಅದನ್ನು ಇಂಗ್ಲಿಷಿನಿಂದ ಕೈಸಾಲ ತಂದೆ.

‘ಕಾಳಜಿ ಸಪ್ತಾಹ ಕಣೇ. ಹೊಸದಾಗಿ ಬಂದವರನ್ನ ಈ ವಾರ ಚೆನ್ನಾಗಿ ನೋಡ್ಕೋತಾರೆ ಅಂತ ಕಾಣುತ್ತೆ’ ಎಂದೆ ಹೆಂಡತಿಗೆ.

ನಾಲ್ಕು ದಿನ ಕಾದೆವು. ಯಾರೂ ಕಾಳಜಿ ತೋರಿಸಲಿಲ್ಲ. ಕೆಳಗಿನ ಮನೆಯ ಅಜ್ಜಿ ಮಾತ್ರ ಎದುರಾದಾಗಲೆಲ್ಲ ಮೊದಲು ಮೆಟ್ಟಿಲನ್ನೂ ಆಮೇಲೆ ನನ್ನನ್ನೂ ನೋಡುತ್ತಿದ್ದರು. ಕೆಲಸದ ಮೇಲೆ ಪರಊರಿಗೆ ಹೋಗಿದ್ದ ಮಗಳು ಮರಳಿ ಬಂದವಳೇ ಫಲಕ ನೋಡಿ ಹಣೆ ಚಚ್ಚಿಕೊಂಡಳು. ‘ಅಪ್ಪಾ, ಅದು ಗುಡಿಸೋ ವಾರ! ಮೆಟ್ಟಿಲು ಗುಡಿಸಿ ಒರೆಸೋ ಸರದಿ ನಮ್ಮದು!’ ಸ್ಟುಟ್‌ಗಾರ್ಟ್ ಇರುವ ಸ್ವೇಬಿಯಾ ಸೀಮೆಯ ಹಳೆಯ ಪದ್ಧತಿಯಂತೆ ಅದು. ಫಲಕ ಮನೆಯಿಂದ ಮನೆಗೆ ಹೋಗುತ್ತದೆ, ಪೊರಕೆ ಅದರ ಹಿಂದೆ ಹೋಗಬೇಕು.

ಬ್ಯಾಂಕಿನಲ್ಲಿ 36 ವರ್ಷ, ಸುತ್ತೋಲೆಗಳ ಕೊನೆಯ ಸಾಲಿನ ಸಣ್ಣಕ್ಷರವನ್ನೂ ಬಿಡದೆ ಓದಿದವನು ನಾನು. ಪೊರಕೆ ಹಿಡಿದು ಮೂರು ಅಂತಸ್ತು ಇಳಿಯುತ್ತಾ ಅವತ್ತೇ ತೀರ್ಮಾನಿಸಿದೆ: ಮಾತು ಬರದಿದ್ದರೂ ಸರಿ, ಈ ಭಾಷೆಯನ್ನು ಓದಲು ಕಲಿತೇ ತೀರಬೇಕು.

ಮಾತಿನ ವಿಷಯದಲ್ಲಿ ನಮ್ಮ ಮನೆಗೆ ನನ್ನ ಅಗತ್ಯ ಇರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಹೆಂಡತಿ ಒಂದು ದಿನವೂ ತರಗತಿಗೆ ಹೋದವಳಲ್ಲ. ಆದರೆ ಬಂದ ವಾರದೊಳಗೆ ಟರ್ಕಿಯವರ ಅಂಗಡಿ ಪತ್ತೆ ಮಾಡಿ, ಬೆಂಡೆಕಾಯಿಗೆ ಅವರು ‘ಬಾಮ್ಯ’ ಎನ್ನುತ್ತಾರೆಂದು ತಿಳಿದು, ಎಳೆಯದು ಬೇಕು ಎಂಬುದನ್ನು ತುದಿ ಮುರಿದು ತೋರಿಸಿ ಅರ್ಥ ಮಾಡಿಸಿ ಬಂದಿದ್ದಳು. ನಾನು ಅದೇ ಹೊತ್ತಿಗೆ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ನಪುಂಸಕ ಎಂದು ಊಟದ ಮೇಜಿನ ಮೇಲೆ ಉರು ಹೊಡೆಯುತ್ತಿದ್ದೆ.

ಏನು ಓದುವುದು? ಪತ್ರಿಕೆ ಕೈಗೆತ್ತಿಕೊಂಡೆ. ಜರ್ಮನ್ನಿನಲ್ಲಿ ಎಲ್ಲ ನಾಮಪದಗಳಿಗೂ ಮೊದಲ ಅಕ್ಷರ ದೊಡ್ಡದು. ಇಂಗ್ಲಿಷ್ ಓದಿ ಬೆಳೆದ ಕಣ್ಣಿಗೆ ಅವೆಲ್ಲ ಮನುಷ್ಯರ ಹೆಸರಿನಂತೆ ಕಾಣುತ್ತವೆ. ಶ್ರೀಮಾನ್ ಹಾಲು, ಶ್ರೀಮತಿ ರಸ್ತೆ, ಮಾನ್ಯ ತೆರಿಗೆಯವರು ಒಂದೇ ವಾಕ್ಯದಲ್ಲಿ ಸಭೆ ಸೇರಿರುತ್ತಾರೆ. ಟ್ರಾಮಿನಲ್ಲಿ ‘ರಾಟ್‌ಹೌಸ್’ ಎಂಬ ನಿಲ್ದಾಣದ ಹೆಸರು ನೋಡಿ, ಇಲಿಮನೆ ಎಂದರೇನು ಎಂದು ಮೊಮ್ಮಗನನ್ನು ಕೇಳಿದೆ. ನಗರಸಭೆಯ ಕಟ್ಟಡವಂತೆ. ‘ಕಾಗದ ತಿನ್ನೋ ಜಾಗ ತಾನೇ, ನೀವು ಹೇಳಿದ್ದೂ ಸರಿಯೇ’ ಎಂದಳು ಹೆಂಡತಿ.

ಎರಡನೆಯ ತರಗತಿಯಲ್ಲಿದ್ದ ಮೊಮ್ಮಗನೇ ಕೊನೆಗೆ ದಾರಿ ತೋರಿಸಿದ. ‘ತಾತ, ಇದು ಓದು’ ಎಂದು ತನ್ನ ಕಪಾಟಿನಿಂದ ಒಂದು ಪುಸ್ತಕ ತಂದುಕೊಟ್ಟ. ಒಟ್‌ಫ್ರೀಡ್ ಪ್ರಾಯ್ಸ್‌ಲರ್ ಬರೆದ ‘ಡೆರ್ ರಾಯ್ಬರ್ ಹೊಟ್ಸೆನ್‌ಪ್ಲೊಟ್ಸ್’. ಅಂದರೆ ದರೋಡೆಕೋರ ಹೊಟ್ಸೆನ್‌ಪ್ಲೊಟ್ಸ್. 1962ರಲ್ಲಿ ಅಚ್ಚಾದದ್ದು, ಅದೂ ಇದೇ ಸ್ಟುಟ್‌ಗಾರ್ಟಿನ ಪ್ರಕಾಶಕರಿಂದ. ಅಂದಿನಿಂದ ಜರ್ಮನ್ ಮಕ್ಕಳೆಲ್ಲ ಓದಿದ ಪುಸ್ತಕ. ಸೊಂಟದಲ್ಲಿ ಏಳು ಚಾಕು ಸಿಕ್ಕಿಸಿಕೊಂಡ, ಮೆಣಸಿನ ಪುಡಿ ಹಾರಿಸುವ ಪಿಸ್ತೂಲಿನ ಗಡ್ಡದ ಕಳ್ಳ. ಅವನು ಮೊದಲ ಅಧ್ಯಾಯದಲ್ಲೇ ಒಬ್ಬ ಅಜ್ಜಿಯ ಕಾಫಿ ಗಿರಣಿ ಕದಿಯುತ್ತಾನೆ. ತಿರುಗಿಸಿದರೆ ಹಾಡು ಬರುವ ಗಿರಣಿ, ಮೊಮ್ಮಗ ಮತ್ತವನ ಗೆಳೆಯ ಹುಟ್ಟುಹಬ್ಬಕ್ಕೆ ಕೊಟ್ಟದ್ದು.

ನಾನು ಬ್ಯಾಂಕಿನವನ ಹಾಗೇ ಶುರು ಮಾಡಿದೆ. ಒಂದು ನೋಟ್‌ಬುಕ್ಕು, ಅದರಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಕಾಲಂ: ಪದ, ಲಿಂಗ, ಬಹುವಚನ, ಅರ್ಥ. ಗೊತ್ತಿಲ್ಲದ ಪದ ಬಂದ ಕೂಡಲೇ ಓದು ನಿಲ್ಲಿಸಿ, ನಿಘಂಟು ತೆಗೆದು, ಖಾತೆಗೆ ಜಮಾ. ಜರ್ಮನ್–ಕನ್ನಡ ನಿಘಂಟು ಕೈಗೆ ಸಿಗಲಿಲ್ಲವಾಗಿ ಜರ್ಮನ್ನಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ. ಮೈಸೂರಿನಿಂದ ನಂಜನಗೂಡಿಗೆ ಮದ್ದೂರಿನ ಮೇಲೆ ಹೋದ ಹಾಗೆ. ಈ ಸುತ್ತುದಾರಿಯಲ್ಲಿ ನನಗೆ ಕಿಟೆಲ್ ಸಾಹೇಬರ ಮೇಲೆ ಸಣ್ಣ ಸಿಟ್ಟೂ ಬಂತು. ಅಪ್ಪಟ ಜರ್ಮನ್ ಮನುಷ್ಯ, 1853ರಲ್ಲಿ ನಮ್ಮ ನಾಡಿಗೆ ಬಂದು, ವರ್ಷಗಟ್ಟಲೆ ಒದ್ದಾಡಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಅರ್ಥ ಕೊಟ್ಟದ್ದು ಮಾತ್ರ ಇಂಗ್ಲಿಷಿನಲ್ಲಿ! ಜೊತೆಗೊಂದು ಸಾಲು ಮನೆಭಾಷೆಯಲ್ಲೂ ಬರೆದಿದ್ದರೆ ನನ್ನಂಥವನಿಗೆ ಈ ಪಾಡು ಇರುತ್ತಿರಲಿಲ್ಲ.

ಮೊದಲ ಪುಟದಲ್ಲಿ ಗೊತ್ತಿಲ್ಲದ ಪದ 61. ಪುಟ ಮುಗಿಯಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅಜ್ಜಿ ಮನೆ ಮುಂದೆ ಬಿಸಿಲಲ್ಲಿ ಕುಳಿತು ಕಾಫಿ ಬೀಜ ಬೀಸಲು ಆರಂಭಿಸಿದ್ದಳು. ಕಳ್ಳ ಇನ್ನೂ ಬಂದಿರಲಿಲ್ಲ. ನನ್ನ ವೇಗಕ್ಕೆ ಅವನು ಬರುವ ಹೊತ್ತಿಗೆ ನಮ್ಮ ವೀಸಾ ಮುಗಿಯುತ್ತಿತ್ತು.

ಭಾಷಾ ಕಲಿಕೆಯನ್ನೇ ಅಧ್ಯಯನ ಮಾಡಿದವರು ಒಂದು ಲೆಕ್ಕ ಹೇಳುತ್ತಾರೆ. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಜೊತೆಗಾರರೊಬ್ಬರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಕಥೆಯೊಂದನ್ನು ಹಾಯಾಗಿ ಓದಿಕೊಳ್ಳಲು ನೂರಕ್ಕೆ 98 ಪದಗಳು ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಬ್ಬ ಅಪರಿಚಿತ. ಮದುವೆ ಮನೆಯಲ್ಲಿ ಐವತ್ತು ನೆಂಟರ ನಡುವೆ ಒಬ್ಬ ಗೊತ್ತಿಲ್ಲದವನು ಕುಳಿತಿದ್ದರೆ ಅವನು ಯಾರ ಕಡೆಯವನೆಂದು ಸುತ್ತಲಿನವರನ್ನು ನೋಡಿಯೇ ಹೇಳಬಹುದು. ನನ್ನದಾದರೋ, ವಿಳಾಸ ತಪ್ಪಿ ಬೇರೆ ಛತ್ರಕ್ಕೇ ನುಗ್ಗಿದವನ ಸ್ಥಿತಿ. ಗುರುತಿನವರೆಂದರೆ ‘ಮತ್ತು’, ‘ಆದರೆ’, ‘ಅಜ್ಜಿ’.

ಗಟ್ಟಿಯಾಗಿ ಓದಿದರೆ ಭಾಷೆ ಬೇಗ ಹತ್ತುತ್ತದೆ ಎಂದು ಎಲ್ಲೋ ಓದಿದ್ದೆ. ಟ್ರಾಯ್ ಪಟ್ಟಣ ಅಗೆದು ತೆಗೆದ ಹೈನ್ರಿಖ್ ಶ್ಲೀಮಾನ್ ಹಾಗೇ ಕಲಿತವನು. ಆಮ್‌ಸ್ಟರ್‌ಡಾಮಿನಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದ ಕಾಲಕ್ಕೆ ಟೆಲಿಮಾಕಸನ ಕಥೆಯ ರಷ್ಯನ್ ಅನುವಾದವನ್ನು ಬಾಯಿಪಾಠ ಮಾಡಿ ರಷ್ಯನ್ ಕಲಿತನಂತೆ. ಒಬ್ಬನೇ ಒದರಿದರೆ ಹುರುಪು ಬರುವುದಿಲ್ಲವೆಂದು ವಾರಕ್ಕೆ ನಾಲ್ಕು ಫ್ರಾಂಕ್ ಕೊಟ್ಟು ಒಬ್ಬ ಬಡವನನ್ನು ಗೊತ್ತು ಮಾಡಿದ್ದ. ಆತನ ಕೆಲಸ ದಿನಾ ಸಂಜೆ ಎರಡು ಗಂಟೆ ಕುಳಿತು ಕೇಳುವುದು. ಅವನಿಗೆ ರಷ್ಯನ್ನಿನ ಒಂದಕ್ಷರವೂ ಬರುತ್ತಿರಲಿಲ್ಲ. ಅಕ್ಕಪಕ್ಕದ ಬಿಡಾರದವರ ದೂರಿನಿಂದ ಶ್ಲೀಮಾನ್ ಎರಡು ಸಲ ಮನೆ ಬದಲಾಯಿಸಬೇಕಾಯಿತೆಂದು ಅವನೇ ಬರೆದುಕೊಂಡಿದ್ದಾನೆ.

ಜರ್ಮನ್ ಒಂದಕ್ಷರವೂ ಬಾರದ, ಫ್ರಾಂಕೂ ಕೇಳದ ಶ್ರೋತೃ ನನಗೆ ಮನೆಯಲ್ಲೇ ಇದ್ದಳು. ಎರಡನೆಯ ಪ್ಯಾರಾಕ್ಕೆ ಅವಳ ಕಣ್ಣು ಮುಚ್ಚುತ್ತಿತ್ತು. ನಿದ್ದೆ ಬಾರದ ತನ್ನ ಕಾಯಿಲೆಗೆ ಜರ್ಮನಿಯ ಹವೆ ಒಳ್ಳೆಯದೆಂದು ಊರಿಗೆ ಫೋನು ಮಾಡಿ ಹೇಳಿದಳು. ಆಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಓದಿದೆ. ಅವನು ಸ್ವಲ್ಪ ಹೊತ್ತು ಸಹಿಸಿ, ‘ಹ್ಯೋರ್ ಔಫ್, ತಾತ!’ ಎಂದ. ‘ಹ್ಯೋರೆನ್’ ಎಂದರೆ ಕೇಳುವುದು ಎಂದು ನನಗೆ ಗೊತ್ತಿತ್ತು. ಮಗು ಕೇಳುತ್ತಿದೆ, ಇನ್ನೂ ಬೇಕಂತೆ ಎಂದು ಉಬ್ಬಿ ದನಿ ಏರಿಸಿದೆ. ಅವನು ಇನ್ನೂ ಜೋರಾಗಿ ‘ಹ್ಯೋರ್ ಔಫ್!’ ಎಂದ. ನಾನು ಇನ್ನೂ ಜೋರಾಗಿ ಓದಿದೆ. ಕೊನೆಗೆ ಅವನು ಕಿವಿ ಮುಚ್ಚಿಕೊಂಡು ಅಮ್ಮನ ಬಳಿ ಓಡಿದ. ‘ಹ್ಯೋರ್’ ಪದದ ಬಾಲಕ್ಕೆ ‘ಔಫ್’ ಸೇರಿದರೆ ‘ನಿಲ್ಲಿಸು’ ಎಂದರ್ಥವಂತೆ.

ಈ ಬಾಲಗಳದ್ದೇ ದೊಡ್ಡ ಕಥೆ. ಜರ್ಮನ್ ಕ್ರಿಯಾಪದ ಬೇಕಾದಾಗ ತನ್ನ ತಲೆ ಕಳಚಿ ವಾಕ್ಯದ ಕೊನೆಯಲ್ಲಿಟ್ಟು ಬರುತ್ತದೆ. ಅಲ್ಲಿಯವರೆಗೂ ಓದುವವನು ಉಸಿರು ಹಿಡಿದಿರಬೇಕು. ‘ಉಮ್‌ಫಾರೆನ್’ ಎಂಬ ಒಂದು ಪದವಿದೆ. ಒತ್ತು ಒಂದು ಕಡೆ ಬಿದ್ದರೆ ಅಡ್ಡ ಬಂದವನನ್ನು ಬಳಸಿಕೊಂಡು ಹೋಗುವುದು, ಇನ್ನೊಂದು ಕಡೆ ಬಿದ್ದರೆ ಅವನ ಮೇಲೇ ಗಾಡಿ ಹತ್ತಿಸುವುದು! ಬರೆದಾಗ ಎರಡೂ ಒಂದೇ. ಕ್ರಿಯಾಪದವನ್ನು ಕೊನೆಗೆ ತಳ್ಳುವ ಈ ಚಾಳಿಗೆ ಮಾರ್ಕ್ ಟ್ವೇನ್ 1880ರಲ್ಲೇ ಇಡೀ ಪ್ರಬಂಧ ಬರೆದು ಬೈದುಕೊಂಡಿದ್ದಾನೆ. ಪಾಪ, ಅಮೆರಿಕದವನು. ಕನ್ನಡಿಗನಿಗೆ ಇದು ಹೊಸದೇ? ‘ನಿಮ್ಮ ಕೆಲಸವನ್ನು ನಾಳೆ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ನಾನೇ ಮುಂದೆ ನಿಂತು ಮಾಡಿಸಿಕೊಡಲು’ ಎನ್ನುವವರೆಗೂ ಕೇಳಿ, ‘ಆಗುವುದಿಲ್ಲ’ ಎನ್ನುವುದಕ್ಕಾಗಿ ಕಾದು ಕುಳಿತೇ ಬೆಳೆದವರು ನಾವು. ಕೊನೆಯ ಪದದವರೆಗೆ ಯಾರನ್ನೂ ನಂಬದಿರುವುದು ನಮ್ಮ ರಕ್ತದಲ್ಲೇ ಇದೆ. ಅದರಿಂದಾಗಿ ಜರ್ಮನ್ ವಾಕ್ಯ ಬೆಳೆದಷ್ಟೂ ನನಗೆ ಮನೆಗೆ ಬಂದಂತೆ ಆಗತೊಡಗಿತು. ಪದಗಳ ಕಾಟವೇ ಉಳಿದದ್ದು.

ಒಂದು ಭಾನುವಾರ ಮಗಳು ಟ್ಯೂಬಿಂಗೆನ್ನಿಗೆ ಕರೆದುಕೊಂಡು ಹೋದಳು. ನೆಕರ್ ನದಿ, ಅದರಲ್ಲಿ ಉದ್ದ ಗಳ ಊರಿ ತಳ್ಳುವ ದೋಣಿಗಳು. ಕಿಟೆಲ್ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ, 1903ರಲ್ಲಿ. ದಂಡೆಯ ಮೇಲೆ ಕುಳಿತು ನೋಟ್‌ಬುಕ್ಕು ತೆಗೆದೆ. ಅವರು 70,000ಕ್ಕೆ ನಿಂತರು, ನಾನು 214ಕ್ಕೇ ಸುಸ್ತಾಗಿದ್ದೆ. ಪದ ಪದವನ್ನೂ ಬಿಡದೆ ಹಿಡಿದ ಆ ಮನುಷ್ಯನ ಊರಿನಲ್ಲಿ ಕುಳಿತು ಪದ ಹಾರಿಸಿ ಓದುವ ಯೋಚನೆ ಮಾಡುವುದು ದೇವರ ಮನೆಯಲ್ಲಿ ಚಪ್ಪಲಿ ಮೆಟ್ಟಿದಂತೆ ಅನಿಸಿತು. ಆದರೆ ನೋಡಿ, ಅವರು ನಿಘಂಟು ಬರೆಯಲು ಹೊರಟವರು. ನನಗೆ ಬೇಕಾದದ್ದು ಕಾಫಿ ಗಿರಣಿ ಸಿಕ್ಕಿತೇ ಇಲ್ಲವೇ ಎಂಬುದಷ್ಟೇ.

ಅಲ್ಲಿ ಹಸಿವಾಗಿ, ಮಗಳು ಕಾಗದದ ಕೋನ್‌ನಲ್ಲಿ ಹುರಿದ ಬಾದಾಮಿ ತಂದುಕೊಟ್ಟಳು. ಖಾಲಿ ಮಾಡಿ, ಅಭ್ಯಾಸಬಲದಿಂದ ಕಾಗದ ಬಿಡಿಸಿ ಒಳಗೆ ಏನು ಬರೆದಿದೆ ಎಂದು ನೋಡಿದೆ. ಬಿಳೀ ಕಾಗದ. ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಾದರೆ ಕಡಲೆಕಾಯಿ ಪೊಟ್ಟಣದ ಒಳಗೆ ಧಾರಾವಾಹಿಯ ಅರ್ಧ ಕಂತು ಇರುತ್ತಿತ್ತು. ‘ಅವಳು ಬಾಗಿಲು ತೆರೆದೊಡನೆ’ ಎಂಬಲ್ಲಿಗೆ ಕಾಗದ ಹರಿದಿರುತ್ತಿತ್ತು. ಯಾರವಳು, ಯಾಕೆ ತೆರೆದಳು, ಹಿಂದಿನದೇನು, ಮುಂದಿನದೇನು, ಒಂದೂ ತಿಳಿಯದೆ ಎಷ್ಟು ರುಚಿಯಾಗಿ ಓದುತ್ತಿದ್ದೆವು! ಎಂಟು ವರ್ಷಕ್ಕೆ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ಓದುವಾಗ ಅದರಲ್ಲಿನ ಎಷ್ಟು ಪದ ಗೊತ್ತಿತ್ತು ನನಗೆ? ಯಾವ ನಿಘಂಟು ತೆಗೆದಿದ್ದೆ? ಕಾದಂಬರಿಗಳಲ್ಲಿ ‘ಅನಿರ್ವಚನೀಯ ಆನಂದ’ ಎಂದು ಬಂದಾಗಲೆಲ್ಲ, ಏನೋ ಒಳ್ಳೆಯದೇ ಆಗಿದೆ ಎಂದು ಪುಟ ತಿರುಗಿಸಿದವನು ನಾನು. ನಿಜ ಹೇಳಬೇಕೆಂದರೆ ಇವತ್ತಿಗೂ ಅಷ್ಟೇ.

ಹಂಗೆರಿಯ ಕಾತೊ ಲೋಂಬ್ ಹದಿನಾರು ಭಾಷೆಗಳ ದುಭಾಷಿಯಾಗಿದ್ದ ಹೆಂಗಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೊಗೋಲನ ಕಾದಂಬರಿಯನ್ನು ವಿಶ್ವಕೋಶದ ಹಾಳೆಗಳ ನಡುವೆ ಬಚ್ಚಿಟ್ಟುಕೊಂಡು ಓದಿ ರಷ್ಯನ್ ಕಲಿತವಳು. ಅವಳೂ ಹೇಳುವುದು ಇದನ್ನೇ: ತಿಳಿಯದ ಪದಕ್ಕೆಲ್ಲ ನಿಲ್ಲಬೇಡ, ಮುಖ್ಯವಾದದ್ದು ಹೇಗೂ ಮತ್ತೆ ಬರುತ್ತದೆ. ಅವಳ ಪುಸ್ತಕ ನನಗೆ ಸಿಕ್ಕಿದ್ದು ಆಮೇಲೆ. ಕಡಲೆಕಾಯಿ ಮಾರುವ ಮುದುಕ ಅದಕ್ಕೂ ಮೊದಲೇ ಹೇಳಿಕೊಟ್ಟಿದ್ದ, ನಾನು ಬ್ಯಾಂಕು ಸೇರಿ ಮರೆತಿದ್ದೆ.

ನೋಟ್‌ಬುಕ್ಕನ್ನು ಮೊಮ್ಮಗನಿಗೆ ಚಿತ್ರ ಬರೆಯಲು ಕೊಟ್ಟೆ. ಆ ರಾತ್ರಿ ಪೆನ್ಸಿಲ್ಲೂ ಇಲ್ಲದೆ ಓದತೊಡಗಿದೆ. ಎಡವಿದಲ್ಲಿ ನಿಲ್ಲಲಿಲ್ಲ. ಕಾಫಿ ಗಿರಣಿ ಕಳೆದುಕೊಂಡ ಅಜ್ಜಿಯ ಸಂಕಟಕ್ಕೆ ನಿಘಂಟು ಯಾಕೆ? ನಮ್ಮ ಮನೆಯಲ್ಲೂ ಮಣೆಗೆ ತಿರುಪು ಹಾಕಿ ಬಿಗಿದ ಕಾಫಿ ಬೀಜದ ಮಿಷನ್ನಿತ್ತು. ಅದರ ಹಿಡಿ ಒಮ್ಮೆ ಕಳೆದುಹೋದಾಗ ನಮ್ಮಜ್ಜಿ ಮನೆಯಲ್ಲಿ ಎಬ್ಬಿಸಿದ ಗಲಾಟೆ ನನಗೆ ಗೊತ್ತು. ಮೂರು ಸಲ ಹಾರಿಸಿದ ಪದ ನಾಲ್ಕನೆಯ ಸಲ ಎದುರಾದಾಗ ತಾನಾಗಿಯೇ ಪರಿಚಯ ಹೇಳಿಕೊಂಡಿತು. ಕೆಲವು ಹೇಳಿಕೊಳ್ಳಲೇ ಇಲ್ಲ, ಬಿಟ್ಟೆ. ಗೆಳೆಯರಿಬ್ಬರು ಟೋಪಿ ಅದಲುಬದಲು ಮಾಡಿಕೊಂಡು ಕಳ್ಳನ ಕೈಗೆ ಸಿಕ್ಕಿಬಿದ್ದು, ಅವರಲ್ಲೊಬ್ಬ ಮಂತ್ರವಾದಿ ತ್ಸ್ವಾಕೆಲ್‌ಮಾನನ ಮನೆ ಸೇರಿದ. ಈ ಮಹಾ ಮಂತ್ರವಾದಿಗೆ ಎಲ್ಲ ಮಾಯೆಯೂ ಗೊತ್ತು, ಆಲೂಗಡ್ಡೆ ಸಿಪ್ಪೆಯನ್ನು ಮಂತ್ರ ಹಾಕಿ ಸುಲಿಯುವುದೊಂದು ಗೊತ್ತಿಲ್ಲ! ಅದಕ್ಕೇ ಅವನಿಗೊಬ್ಬ ಆಳು ಬೇಕು. ನಾನು ಘೊಳ್ಳನೆ ನಕ್ಕುಬಿಟ್ಟೆ. ಜರ್ಮನ್ನಿನಲ್ಲಿ ನಕ್ಕದ್ದು ಅದೇ ಮೊದಲು.

ಹೆಂಡತಿಗೆ ಎಚ್ಚರವಾಯಿತು. ‘ಏನ್ರೀ ಅದು, ಅರ್ಧರಾತ್ರೀಲಿ ಒಬ್ಬರೇ?’

ಹೇಳಿದೆ. ಅವಳು ನಗಲಿಲ್ಲ. ‘ಸುಲಿಯೋದು ಮಂತ್ರದಿಂದ ಆಗಲ್ಲ ಅನ್ನೋದು ಗೊತ್ತಾಗೋಕೆ ನೀವು ಜರ್ಮನ್ ಓದಬೇಕಾಯ್ತಾ?’ ಎಂದು ಮಗ್ಗುಲು ತಿರುಗಿದಳು.

ಬೆಳಿಗ್ಗೆ ಎದ್ದು ನೋಡಿದರೆ ಹೊಟ್ಸೆನ್‌ಪ್ಲೊಟ್ಸನ ಪಕ್ಕದಲ್ಲಿ ಒಂದು ಸಣ್ಣ ಚಾಕು, ಎರಡು ಕಿಲೋ ಆಲೂಗಡ್ಡೆಯ ಚೀಲ. ಚೀಲದ ಮೇಲೆ ದಪ್ಪಕ್ಷರದಲ್ಲಿ ‘ಮೇಲಿಶ್‌ಕೊಖೆಂಡ್’ ಎಂದಿತ್ತು. ನಿಘಂಟಿಗೆ ಕೈ ಹೋಗಲಿಲ್ಲ. ‘ಮೇಲ್’ ಎಂದರೆ ಹಿಟ್ಟು, ಬೇಕರಿಯಲ್ಲಿ ಓದಿದ್ದೆ. ‘ಕೊಖೆನ್’ ಬೇಯಿಸುವುದು. ಬೇಯಿಸಿದರೆ ಹಿಟ್ಟಿನ ಹಾಗೆ ಉದುರುವ ಜಾತಿ!

‘ಲೇ, ಇದು ಬೆಂದರೆ ಪುಡಿಯಾಗೋ ಆಲೂಗಡ್ಡೆ. ಹುಳಿಗೆ ಹಾಕಿದರೆ ಕರಗಿಹೋಗುತ್ತೆ. ದೋಸೆ ಪಲ್ಯಕ್ಕಾದರೆ ಸರಿ’ ಎಂದು ಅಡುಗೆಮನೆಗೆ ಕೂಗಿ ಹೇಳಿದೆ.

‘ದೋಸೆ ಪಲ್ಯಕ್ಕೇ ತಂದಿರೋದು’ ಎಂದಿತು ಒಳಗಿನಿಂದ ದನಿ. ‘ಸುಲೀರಿ.’