ಇಣುಕಿ ನೋಡುವವರ ಪರವಾಗಿ

ಎದುರುಮನೆಯಲ್ಲಿ ಏನು ನಡೆದಿದೆ ಎಂದು ನೋಡುವ ಚಟ ನನಗೂ ಇದೆ; ಪರದೆ ಪೂರಾ ಸರಿಸದೆ ಅಂಚಿನಿಂದಲೇ ನೋಡುವಷ್ಟು ಮರ್ಯಾದೆಯೂ ಇದೆ. ಈ ಚಟಕ್ಕೆ ಮಾನ ತಂದುಕೊಟ್ಟ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದರೆ ಜಾನ್ ಸ್ಲೋನ್ ಸಿಗುತ್ತಾನೆ. 1904ರಲ್ಲಿ ನ್ಯೂಯಾರ್ಕಿಗೆ ಬಂದು, ಇಪ್ಪತ್ತಮೂರನೇ ಬೀದಿಯಲ್ಲಿ ಮೇಲಂತಸ್ತಿನ ಮನೆ ಹಿಡಿದ ಈ ಚಿತ್ರಕಾರ ಹಿತ್ತಿಲ ಕಡೆಯ ಕಿಟಕಿಯನ್ನೇ ಪಾಠಶಾಲೆ ಮಾಡಿಕೊಂಡ. ಪಾರಿವಾಳ ಹಾರಿಸುವವರು, ಭಾನುವಾರ ತಲೆಗೂದಲು ಒಣಗಿಸಿಕೊಳ್ಳುವ ಹೆಂಗಸರು, ಸೆಖೆ ತಡೆಯದೆ ತಾರಸಿಯ ಮೇಲೆ ಉರುಳಿಕೊಂಡ ಸಂಸಾರಗಳು, ಎಲ್ಲವೂ ಅವನ ಚಿತ್ರಕ್ಕೆ ಬಂದವು. ತಾನು ನೋಡುತ್ತಿರುವುದು ಅವರಿಗೆ ಗೊತ್ತಾಗದಂತೆ ನೋಡುವುದು ತನ್ನ ರೂಢಿ ಎಂದು ದಿನಚರಿಯಲ್ಲೂ ಬರೆದಿಟ್ಟ. ನೋಡಿ, ಅವನಿಗೂ ಪರದೆಯ ಅಂಚೇ!

ಅವನನ್ನು ಈ ದಾರಿಗೆ ಹಚ್ಚಿದವನು ಚಿತ್ರಕಾರ ರಾಬರ್ಟ್ ಹೆನ್ರೈ. ಆ ಮಹರಾಯನದು ಹುಟ್ಟಿನಿಂದ ಬಂದ ಹೆಸರೇ ಅಲ್ಲ. ಜೂಜುಗಾರ ಅಪ್ಪ ಜಾನ್ ಕೊಜಾಡ್ ನೆಬ್ರಾಸ್ಕದಲ್ಲಿ ತನ್ನ ಹೆಸರಿನದೇ ಒಂದು ಊರು ಕಟ್ಟಿದ. 1882ರಲ್ಲಿ ಜಗಳದಲ್ಲಿ ಒಬ್ಬನಿಗೆ ಗುಂಡು ಹೊಡೆದು ಆ ಊರನ್ನೇ ಬಿಟ್ಟು ಓಡಿದ. ಮನೆಮಂದಿಯೆಲ್ಲ ಹೆಸರು ಬದಲಿಸಿಕೊಂಡರು, ಹೆತ್ತ ಮಕ್ಕಳು ದತ್ತುಮಕ್ಕಳಾದರು. ಹೀಗೆ ಬೆಳೆದವನು ಶಿಷ್ಯರಿಗೆ, ಕಣ್ಣೆದುರಿನ ನಿಜವಾದ ಬದುಕನ್ನು ಬರೆಯಿರಿ ಎಂದು ಉಪದೇಶಿಸಿದ. ಸುಳ್ಳಿನ ಕಷ್ಟ ಬಲ್ಲವನ ಮಾತಿಗೆ ತೂಕ ಹೆಚ್ಚು.

ಸ್ಲೋನ್ ನ್ಯೂಯಾರ್ಕಿಗೆ ಬರುವ ಮೊದಲು, ಫಿಲಡೆಲ್ಫಿಯಾದಲ್ಲಿ ಹೆನ್ರೈನ ಸ್ಟುಡಿಯೋಗೆ ಮಂಗಳವಾರ ಸಂಜೆ ಸ್ಲೋನ್, ಗ್ಲ್ಯಾಕೆನ್ಸ್, ಲಕ್ಸ್, ಶಿನ್ ಬಂದು ಸೇರುತ್ತಿದ್ದರು. ಎಲ್ಲರೂ ಪತ್ರಿಕೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವರು. ಕಲೆಯ ಚರ್ಚೆ ಆಗುತ್ತಿತ್ತು, ಸರಿ. ಜೊತೆಗೆ ಬಿಯರ್ ಇತ್ತು, ಅಣಕು ನಾಟಕವಿತ್ತು. ಒಂದರಲ್ಲಿ ಸ್ಲೋನನೇ ಹೆಣ್ಣುವೇಷ ಕಟ್ಟಿ ನಾಯಕಿಯಾದ. ಲಕ್ಸನಂತೂ ಹಿಂದೆ ತಾನು ದೊಡ್ಡ ಬಾಕ್ಸರ್ ಆಗಿದ್ದೆ ಎಂದು ಬುರುಡೆ ಬಿಡುತ್ತಿದ್ದ.

ನ್ಯೂಯಾರ್ಕಿನ ಸಭ್ಯರಿಗೆ ಈ ಗುಂಪು ರುಚಿಸಲಿಲ್ಲ. 1906ರಲ್ಲಿ ಜಲವರ್ಣ ಚಿತ್ರಕಾರರ ಸಂಘವು ಸ್ಲೋನನ ಎಚಿಂಗ್‌ಗಳನ್ನು ತಾನೇ ಕೇಳಿ ತರಿಸಿಕೊಂಡು, ನಾಲ್ಕನ್ನು ಅಸಭ್ಯವೆಂದು ವಾಪಸು ಕಳಿಸಿತು. ಅವುಗಳಲ್ಲೊಂದರಲ್ಲಿ ಒಳಬಟ್ಟೆಯಲ್ಲೇ ಕುಳಿತ ಗೃಹಿಣಿ ಪತ್ರಿಕೆಯ ಮಹಿಳಾ ಪುಟ ಓದುತ್ತಿದ್ದಾಳೆ, ಸುತ್ತ ಕೋಣೆ ಚೆಲ್ಲಾಪಿಲ್ಲಿ. ಅಸಭ್ಯತೆ ಎಲ್ಲಿದೆಯೋ ನಾನು ಕಾಣೆ. ಮನೆಕೆಲಸ ಬಾಕಿ ಇರುವುದಂತೂ ಕಾಣುತ್ತದೆ.

1908ರಲ್ಲಿ ಮ್ಯಾಕ್‌ಬೆತ್ ಗ್ಯಾಲರಿಯಲ್ಲಿ ಈ ಗುಂಪಿನವರೂ ಸೇರಿ ಎಂಟು ಜನ ಪ್ರದರ್ಶನ ಮಾಡಿದಾಗ ಜನ ಮುಗಿಬಿದ್ದರು. ಮಾರಾಟವಾದದ್ದು ಏಳು ಚಿತ್ರ, ಅದರಲ್ಲಿ ನಾಲ್ಕನ್ನು ಕೊಂಡವಳು ಕಲಾಪೋಷಕಿ ಗರ್ಟ್ರೂಡ್ ವಿಟ್ನಿ ಒಬ್ಬಳೇ. ಸ್ಲೋನನದು ಒಂದೂ ಹೋಗಲಿಲ್ಲ. 1912ರಲ್ಲಿ ಅವನು ಮ್ಯಾಕ್‌ಸೋರ್ಲಿಯ ಪಡಖಾನೆಯನ್ನು ಬರೆದ. ಆಗ ಅದು ಹೆಂಗಸರು ಕಾಲಿಡುವಂತಿರದಿದ್ದ ಜಾಗ. ಬಿಳಿ ಅಂಗಿಯ ಮಾಣಿ, ನಿಂತೇ ಕುಡಿಯುವ ಗಂಡಸರು. ಆ ಚಿತ್ರವೂ ವರ್ಷಗಟ್ಟಲೆ ಕಾದು ಕೊನೆಗೆ ಡೆಟ್ರಾಯಿಟ್‌ನ ಕಲಾಸಂಗ್ರಹಾಲಯ ಸೇರಿತು. ಆಗ ಅಮೆರಿಕದಲ್ಲಿ ಪಾನನಿಷೇಧ. ಬೀದಿಯಲ್ಲಿ ಒಂದು ಲೋಟ ಬಿಯರ್ ಮಾರಿದರೆ ಪೊಲೀಸರು ಬರುತ್ತಿದ್ದರು, ಸಂಗ್ರಹಾಲಯದ ಗೋಡೆಯ ಮೇಲೆ ಮಾತ್ರ ಮಾಣಿಯ ಕೆಲಸಕ್ಕೆ ಯಾರ ಅಡ್ಡಿಯೂ ಇರಲಿಲ್ಲ.