ಗಾಳಿಗೆ ಅಡ್ಡ ಒಂದು ಗಾಜು

ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಗೆ ಈಗ ಒಳ್ಳೆ ರೇಟು ಬಂದಿದೆ. ಎರೆಹೊಲದ ನಡುವೆ ನಿಂತ ಫ್ಯಾನುಗಳು (ನಮ್ಮವ್ವ ಅವಕ್ಕೆ ಫ್ಯಾನು ಅಂತಲೇ ಅನ್ನುವುದು) ಅದೇ ಗಾಳಿಯಿಂದ ಕರೆಂಟು ತೆಗೆಯುತ್ತವೆ. ಆ ಗಾಳಿಯನ್ನು ಪುಕ್ಕಟೆ ನುಂಗುವವರು ಬೈಕಿನವರು ಮಾತ್ರ. ಆಷಾಢದಲ್ಲಿ ಒಮ್ಮೆ ಕುಷ್ಟಗಿಯಲ್ಲಿ ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ, ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ನನ್ನ ಗಾಡಿ ಮಗ್ಗುಲಿಗೆ ಮಲಗಿತ್ತು. ಮುಂದಿನ ವಿಂಡ್‌ಶೀಲ್ಡು ಮೂರು ಹೋಳು. ಗಾಳಿ ತಡೆಯಲೆಂದೇ ಇದ್ದದ್ದು ಗಾಳಿಗೇ ಹೋಯಿತು.

"ಆ ಮಾಡೆಲ್ ನಿಂತೈತ್ರಿ ಸರ. ಬರೇ ಫೈಬರ್ ಸಿಗಂಗಿಲ್ಲ, ಪೂರಾ ಸೆಟ್ ತಗೋಬೇಕು" ಅಂದರು ಬಿಡಿಭಾಗದ ಅಂಗಡಿಯವರು. ಸೆಟ್ಟಿನ ರೇಟು ಕೇಳಿದ ಮೇಲೆ ಮುಖಕ್ಕೆ ಗಾಳಿ ಬಡಿದರೇ ಆರೋಗ್ಯ ಅನ್ನಿಸಿತು. ಒಂದು ತಿಂಗಳು ಹಾಗೇ ಓಡಾಡಿದೆ. ಆದರೆ ಸಂಜೆ ಗಂಗಾವತಿಯಿಂದ ಕೊಪ್ಪಳಕ್ಕೆ ಬರುವುದಿದೆಯಲ್ಲ, ಅದು ಬೇರೆ ಮಾತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಅತ್ತ ಕಡೆ ಭತ್ತವೋ ಭತ್ತ. ಭತ್ತ ಇದ್ದಲ್ಲಿ ಜಿಗಿಹುಳ, ದೀಪ ಕಂಡಲ್ಲಿ ಅದರ ಜಾತ್ರೆ. ಗಂಗಾವತಿಯವರು ಊರಿಗೆಲ್ಲ ಸೋನಾಮಸೂರಿ ಉಣಿಸುತ್ತಾರೆ, ನನಗೆ ಮಾತ್ರ ದಾರಿಯುದ್ದಕ್ಕೂ ಹುಳದ ಫಳಾರ. ಹೆಲ್ಮೆಟ್ಟಿನ ಗಾಜು ಇಳಿಸಬಾರದೇ ಅನ್ನಬೇಡಿ. ಇಳಿಸಿದರೆ ಉಸಿರಿಗೆ ಚಾಳೀಸು ಮಬ್ಬಾಗುತ್ತದೆ.

ಸರಿ, ಮನೆಯಲ್ಲೇ ಮಾಡೋಣ ಅಂತ ನಿಂತೆ. ಗೊಂಬೆ ಮಾಡುವ ಕಿನ್ನಾಳ ನಮಗೆ ಹತ್ತಿರ. ಹಳೇ ಗೋಣಿಯ ಚೂರು, ಕಟ್ಟಿಗೆ ಪುಡಿ, ಹುಣಸೆಬೀಜದ ಅಂಟಿನಲ್ಲಿ ದೇವರನ್ನೇ ಎಬ್ಬಿಸುವ ಜನ ಅವರು. ಆ ಗಾಳಿ ನನಗೂ ಚೂರು ಬಡಿದಿರಬೇಕು ಅಂದುಕೊಂಡಿದ್ದೆ.

ಬೋರ್ಡು ಮಾಡುವ ಅಂಗಡಿಯಲ್ಲಿ ಉಳಿಕೆ ಅಕ್ರಿಲಿಕ್ ಶೀಟು ಸಿಕ್ಕಿತು, ತ್ರೀ ಎಂಎಂ ದಪ್ಪದ್ದು. ಇದು ಸಣ್ಣ ಸಾಮಾನಲ್ಲ. ಎರಡನೇ ಮಹಾಯುದ್ಧದ ವಿಮಾನಗಳ ಗಾಜು ಇದೇ. ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರನ್ನು ಕಣ್ಣು ಸುಮ್ಮನೆ ಸಹಿಸಿಕೊಂಡದ್ದನ್ನು ಕಂಡ ಹೆರಾಲ್ಡ್ ರಿಡ್ಲೆ ಎಂಬ ಲಂಡನ್ನಿನ ವೈದ್ಯರು, 1949ರಲ್ಲಿ ಅದರದ್ದೇ ಲೆನ್ಸು ಮಾಡಿ ಪೊರೆ ತೆಗೆದ ಕಣ್ಣಿನೊಳಗೆ ಇಟ್ಟರು. ಹೋದ ವರ್ಷ ನಮ್ಮವ್ವನ ಕಣ್ಣಿಗೆ ಹಾಕಿದ್ದೂ ಅದೇ ಕುಲದ್ದು. ಅವ್ವನ ಕಣ್ಣೊಳಗೆ ಕೂತದ್ದು ಮಗನ ಕಣ್ಣ ಮುಂದೆ ಕೂಡಲಾರದೆ?

ಕೂಡಲಿಲ್ಲ. ಮೊದಲನೇ ಶೀಟು ಕೊನೆಯ ತೂತಿನಲ್ಲಿ ಟಪ್ಪೆಂದಿತು. ಕಬ್ಬಿಣ ಕೊರೆಯುವ ಬಿಟ್ಟು ಅಕ್ರಿಲಿಕ್ಕನ್ನು ಕೊರೆಯುವುದಿಲ್ಲ, ಕಚ್ಚುತ್ತದೆ. ಅದರ ಹಲ್ಲು ಮೊಂಡು ಮಾಡಿ, ಅಡಿಗೆ ಹಲಗೆ ಕೊಟ್ಟು, ನಿಧಾನಕ್ಕೆ ಇಳಿಸಬೇಕಂತೆ. ಎರಡನೆಯದನ್ನು ಬಗ್ಗಿಸಲು ರೊಟ್ಟಿ ಹಂಚಿನ ಮೇಲಿಟ್ಟೆ. ಒಂದು ಕಡೆ ಹಂದಲಿಲ್ಲ, ಇನ್ನೊಂದು ಕಡೆ ಹಪ್ಪಳದಂತೆ ಗುಳ್ಳೆ ಎದ್ದಿತು. ಮನೆ ತುಂಬ ನಾತ. "ಇನ್ನ ಆ ಹಂಚಿನ ಮ್ಯಾಲ ರೊಟ್ಟಿ ಹಾಕಂಗಿಲ್ರಿ ನಾ" ಅಂದಳು ಹೆಂಡತಿ. ಹೊಸ ಹಂಚಿನ ದುಡ್ಡೂ ಗಾಜಿನ ಲೆಕ್ಕಕ್ಕೇ ಸೇರಿತು.

ಮೂರನೆಯದನ್ನು ಹೊತ್ತು ಬೇಕರಿಗೆ ಹೋದೆ. ಸುಮಾರು 160 ಡಿಗ್ರಿ ಬೇಕು ಅಂದೆ. ಭಟ್ಟಿಯವರು ನನ್ನ ಮುಖ ನೋಡಿದರು. ಆಮೇಲೆ ಒಂದು ಚಿಟಿಕೆ ಮೈದಾ ಒಳಗೆ ಎರಚಿ, ಅದು ಕೆಂಪಾಗುವುದನ್ನು ನೋಡಿ, "ಇನ್ನ ಬಿಸಿ ಐತ್ರಿ. ಪಾವ್ ತೆಗದ ಮ್ಯಾಲ ತಡದು ಇಡೂಣು" ಅಂದರು. ಪಾವಿನ ತಟ್ಟೆಯಲ್ಲೇ ಶೀಟು ಒಳಗೆ ಹೋಯಿತು. ಹೊರಗೆ ಬಂದಾಗ ಅದು ಗಾಜಲ್ಲ, ಲಟ್ಟಿಸಿದ ಹೋಳಿಗೆ. ಎರಡು ಕೈಯಲ್ಲಿ ಎತ್ತಿದರೆ ಜೋತುಬಿತ್ತು. ನೀರಿನ ಬ್ಯಾರಲ್ ಮೇಲೆ, ಗೀರು ಬೀಳದಿರಲೆಂದು ಹಾಸಿದ್ದ ಕಂಬಳಿಯ ಮೇಲೆ ಮೆಲ್ಲಗೆ ಹೊದಿಸಿದೆವು. ಆರುವಷ್ಟರಲ್ಲಿ ಥೇಟು ಕಂಪನಿಯ ಬಾಗು! ಎತ್ತಿ ಬೆಳಕಿಗೆ ಹಿಡಿದೆ. ಕಂಬಳಿಯ ಎಳೆ ಎಳೆಯೂ ಗಾಜಿನ ಮೈಮೇಲೆ ಅಚ್ಚಾಗಿತ್ತು. ಕಂಬಳಿಯಲ್ಲಿ ಉಣ್ಣುವಾಗ ಕೂದಲು ಬಂತೆನ್ನಬಾರದು ಅಂತ ಭಟ್ಟಿಯವರೇ ಸಮಾಧಾನ ಹೇಳಿದರು.

ಉಪ್ಪುಕಾಗದ, ಆಮೇಲೆ ಟೂತ್‌ಪೇಸ್ಟು ಹಾಕಿ ಒಂದು ವಾರ ತಿಕ್ಕಿದೆ. ಮೊಂಡು ಬಿಟ್ಟಿನಿಂದ ನಾಲ್ಕು ತೂತು ಸರಿಯಾಗಿ ಬಿದ್ದವು. ರಬ್ಬರ್ ವಾಷರ್ ಕೊಟ್ಟು ಕೂಡಿಸಿ ಗಂಗಾವತಿಗೆ ಹೊರಟರೆ, ಎದೆಗೆ ಗಾಳಿಯಿಲ್ಲ, ಬಾಯಿಗೆ ಹುಳವಿಲ್ಲ. ಆದರೆ ಹೆಲ್ಮೆಟ್ಟನ್ನು ಯಾರೋ ಹಿಂದಿನಿಂದ ತಟ್ಟಿದಂತೆ ಡಬಡಬ. ಗಾಜಿನ ಹಿಂದೆ ಒತ್ತಡ ಕಡಿಮೆಯಾಗಿ, ಮೇಲಿನಿಂದ ಹಾಯ್ದ ಗಾಳಿ ಅಲ್ಲೇ ಸುಳಿ ಸುತ್ತುತ್ತದೆ. ಅದಕ್ಕೆ ಮದ್ದೆಂದರೆ ಗಾಜಿನ ಬುಡದಲ್ಲಿ ಚೂರು ಗಾಳಿ ಒಳಗೆ ಬಿಡಬೇಕು. ತಿಂಗಳುಗಟ್ಟಲೆ ಒದ್ದಾಡಿ ಗಾಳಿಗೆ ಅಡ್ಡ ಹಾಕಿದವನು, ಹ್ಯಾಕ್ಸಾ ಬ್ಲೇಡು ಹಿಡಿದು ಅದೇ ಗಾಳಿಗೆ ಕಿಂಡಿ ಕೊರೆಯುತ್ತ ಕೂತೆ.

ಮೊನ್ನೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಯಲಬುರ್ಗಾಕ್ಕೆ ಹೊರಟಿದ್ದೆ. ಎದುರಿನ ಲಾರಿಯ ಲೈಟು ಬಿದ್ದು ಗಾಜಿನೊಳಗೆ ಅಳಿದುಳಿದ ಕಂಬಳಿಯೆಲ್ಲ ಬೆಳ್ಳಗೆ ಮಿನುಗಿತು. ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ತಮ್ಮಾ, ಇದಕ್ಕೂ ಪೊರಿ ಬಂದೈತೇನೋ?"

"ಹೂಂನಬೇ."

"ಮತ್ತ ಆಪರೇಶನ್ ಮಾಡಸು."

"ಮೂರು ಸಲ ಆಗೇತಬೇ" ಅಂದೆ.

ಗಾಳಿಗೆ ಕೇಳಿಸಲಿಲ್ಲ. "ಆಂ?" ಅಂದಳು.