ಚಿರತೆ ಬೋನಿನವರಿಗೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಚಿರತೆ ಬೋನಿನವರ ಸನ್ನಿಧಾನಕ್ಕೆ,

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತಾಲ್ಲೂಕು ಒಂದಕ್ಕೊಂದು ತಾಗುವ ಕಡೆಯ ರೈತ ಮಾಡುವ ನಮಸ್ಕಾರಗಳು. ರೊಪ್ಪದಿಂದ ಹೋದ ಕುರಿಗಳನ್ನು ಬಿಟ್ಟರೆ ಉಳಿದವರೆಲ್ಲ ಕ್ಷೇಮ.

ತಾವು ಟ್ರಾಕ್ಟರ್ ಏರಿ ಊರಿಗೆ ಚಿತ್ತೈಸಿದ ದಿನ ತೇರಿಗೂ ಸೇರದಷ್ಟು ಜನ ಸೇರಿದ್ದರು. ಹುಡುಗರು ಒಳಗೇ ಕೂತು ಫೋಟೊ ತೆಗೆಸಿಕೊಂಡರು. ಆಮೇಲೆ ತಮ್ಮ ಮೈಗೆ ತೆಂಗಿನ ಗರಿ, ಹೊಂಗೆ ಸೊಪ್ಪು ಹೊದಿಸಿ, ಹಿಂದಿನ ಖಾನೆಯಲ್ಲಿ ಮೇಕೆ ಕಟ್ಟಿ, ಬಾಗಿಲೆತ್ತಿ ನಿಲ್ಲಿಸಿದರು. ರಾತ್ರಿಯೆಲ್ಲ ಮೇಕೆ ಅರಚಿತು. ಬೆಳಿಗ್ಗೆ ನೋಡಿದರೆ ಬಾಗಿಲು ಬಿದ್ದಿತ್ತು, ಒಳಗೆ ಊರ ಬೀದಿನಾಯಿ ಬಾಲ ಅಲ್ಲಾಡಿಸುತ್ತಿತ್ತು.

ತಮ್ಮ ಶಕ್ತಿಯ ಬಗ್ಗೆ ಅನುಮಾನವಿಲ್ಲ. ತಾವು ಬರುವ ಹೊತ್ತಿನ ಬಗ್ಗೆ ತಕರಾರು. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ನಮ್ಮ ಸುತ್ತಿನ ಬನ್ನಿಕುಪ್ಪೆ, ಮಣಿಕುಪ್ಪೆ, ಬೈಚೇನಹಳ್ಳಿಗಳಲ್ಲಿ ಚಿರತೆ ದಾಳಿಗೆ ಜೀವಗಳು ಹೋದವು, ಎಳೆಯ ಮಕ್ಕಳದ್ದೂ. ಅಲ್ಲಿ ತಮಾಷೆ ಸಲ್ಲದು. ಆಗಲೂ ತಾವು ಬಂದಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸಿಕ್ಕಿದ್ದು ಜೀವ ತೆಗೆದ ಚಿರತೆಯೋ ಅಲ್ಲವೋ ಎಂದು ತಾವು ಕೇಳುವುದಿಲ್ಲ. ಒಂದರ ಮೈಮೇಲಿನ ಮಚ್ಚೆ ಇನ್ನೊಂದಕ್ಕಿರುವುದಿಲ್ಲ ಎನ್ನುತ್ತಾರೆ ತಿಳಿದವರು. ಪಡಿತರಕ್ಕೆ ನಮ್ಮ ಹೆಬ್ಬೆಟ್ಟು ಹತ್ತು ಸಲ ಒರೆಸಿ ನೋಡುವ ಕಾಲದಲ್ಲಿ, ತಮ್ಮ ಬಾಗಿಲಲ್ಲಿ ಮಾತ್ರ ಗುರುತಿನ ಚೀಟಿ ಬೇಡ. ಸಿಕ್ಕಿದ್ದನ್ನು ಯಾವುದೋ ಕಾಡಿಗೆ ಬಿಟ್ಟು ಬಂದರೆ ನಮ್ಮ ಸಮಸ್ಯೆ ಬಗೆಹರಿದಂತೆ. ಆ ಕಡೆಯ ಊರಿನವರದ್ದು ಶುರುವಾದಂತೆ. ಪುಣೆ ಜಿಲ್ಲೆಯ ಜುನ್ನಾರ್‌ನಲ್ಲಿ ಹೀಗೆ ಹಿಡಿದು ಸಾಗಿಸಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂದು ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಬರೆದಿದ್ದಾರೆ. ತಮಗೆ ಓದುವ ಅಭ್ಯಾಸ ಇದ್ದಂತಿಲ್ಲ.

ತುಮಕೂರಿನವರಿಗೆ ಕಾಡೆಂದರೆ ದೇವರಾಯನದುರ್ಗ. ಭಾನುವಾರ ಅಲ್ಲಿನ ನಾಮದ ಚಿಲುಮೆಯಲ್ಲಿ ನೀರು ಮುಟ್ಟಿ, ಕೋತಿಗೆ ಚಿಪ್ಸ್ ಕೊಟ್ಟು, ಕವರ್ ಅಲ್ಲೇ ಬಿಟ್ಟರೆ ವನದರ್ಶನ ಮುಗಿಯಿತು. ಕಾಯ್ದಿಟ್ಟ ಕಾಡಿನ ಗಡಿಕಲ್ಲನ್ನು ಚಿರತೆ ಓದುವುದಿಲ್ಲವಲ್ಲ. ಬಂಡೆ ಸಂದು, ಲಂಟಾನ ಪೊದೆ, ಮಾಲೀಕರು ಬೆಂಗಳೂರು ಸೇರಿ ಪಾಳುಬಿದ್ದ ತೋಟ, ಅದಕ್ಕೆ ಇಷ್ಟಿದ್ದರೆ ಸಾಕು. ಊಟದ ವ್ಯವಸ್ಥೆ ನಮ್ಮದೇ: ರಸ್ತೆ ಬದಿಗೆ ಕೋಳಿ ಅಂಗಡಿಯ ಕಸ, ಕಸಕ್ಕೆ ನಾಯಿ, ನಾಯಿಗೆ ಚಿರತೆ. ಗುಡ್ಡಗಳನ್ನು ಜಲ್ಲಿ ಮಾಡಿ ಲಾರಿಗೆ ತುಂಬಿದವರೂ ತಮ್ಮ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಮುಖ್ಯ ವಿಚಾರ ಇನ್ನೊಂದಿದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ನಡುರಾತ್ರಿ. ಟಾರ್ಚ್ ಬಾಯಲ್ಲಿ ಕಚ್ಚಿ, ಒಂದು ಕೈಯಲ್ಲಿ ಸನಿಕೆ, ಇನ್ನೊಂದರಲ್ಲಿ ಸ್ಟಾರ್ಟರ್ ಹ್ಯಾಂಡಲ್ ಹಿಡಿದು ತೋಟದಲ್ಲಿ ನಿಲ್ಲುವವನು ನಾನು. ಅಡಿಕೆ ಬುಡಕ್ಕೆ ನೀರು ತಿರುಗಿಸಲು ಬಗ್ಗಿದರೆ, ಚಿರತೆಯ ಕಣ್ಣಿಗೆ ನಾನೂ ಮೇಕೆಯ ಎತ್ತರ. ತಮ್ಮೊಳಗಿನ ಮೇಕೆಗಾದರೂ ಸುತ್ತ ಕಂಬಿಯಿದೆ. ಹಗಲು ಕರೆಂಟು ಕೊಡಿ ಎಂದು ಕೊಟ್ಟ ಅರ್ಜಿಗೆ ಉತ್ತರವಿಲ್ಲ. ಚಿರತೆ ಕಂಡಿತು ಎಂದರೆ ಮಾತ್ರ ತಾವು ಹೊರಡುತ್ತೀರಿ. ಮುಂದಿನ ಸಲ ಬರುವಾಗ ಲೈನ್‌ಮನ್ ಅಣ್ಣನನ್ನೂ ಅದೇ ಟ್ರಾಕ್ಟರ್ ಮೇಲೆ ಕೂರಿಸಿಕೊಂಡು ಬರಬೇಕಾಗಿ ವಿನಂತಿ.

ಇತಿ ತಮ್ಮ ವಿಧೇಯ,
ರಾತ್ರಿಪಾಳಿಯ ರೈತ

ತಾ.ಕ.: ಒಳಗೆ ಕಟ್ಟಿದ ಮೇಕೆ ನಮ್ಮದೇ. ಗಾಬರಿಗೆ ಮೇವು ಬಿಟ್ಟಿದೆ. ಅದರ ದುಡ್ಡು ಯಾರನ್ನು ಕೇಳಬೇಕು, ತಿಳಿಸಿ.